ಹಲಗೆಗೆ ಅಡ್ಡ ಕುಳಿತದ್ದು

ನನ್ನ ಮಗ ಕಬ್ಬು ಕಡಿಯುವ ಗ್ಯಾಂಗಿನವನು. ತಲೆಯ ಮೇಲೆ ಹೊರೆ ಹೊತ್ತು ಟ್ರ್ಯಾಲಿಗೆ ಹಚ್ಚಿದ ಹಲಗೆ ಏರುವಾಗ ಜಾರಿ ಬಿದ್ದು ಹೆಗಲಿನ ಎಲುಬು ಮುರಿದುಕೊಂಡ. ಘಟಪ್ರಭಾದ ಡಾಕ್ಟರು ಪಟ್ಟಿ ಬಿಚ್ಚುವಾಗ ಹೇಳಿದರು: ಕೂತು ಮಾಡುವ ಕೆಲಸ ಮಾಡಲಿ, ಈ ಹಂಗಾಮು ಮುಗಿಯುವ ತನಕ ಹೊರೆ ಮುಟ್ಟಬಾರದು, ಮುಟ್ಟಿದರೆ ಕೈ ಮತ್ತೆ ಮೇಲೇಳುವುದಿಲ್ಲ.

ಗ್ಯಾಂಗಿಗೆ ಕೆಲಸ ಹಂಚುವ ಮುಕಾದಮನಿಗೆ ಹೋಗಿ ಹೇಳಿದೆ.

"ಅದಕ್ಕೇನಬೇ ಯಮ್ಮಾ, ಹಗರ ಕೆಲಸ ಕೊಡ್ತೇನಿ," ಎಂದ.

ಹಗುರ ಕೆಲಸವೆಂದರೆ ಕಡಿದ ಕಬ್ಬನ್ನು ಹೊರೆ ಕಟ್ಟುವುದು. ನಮ್ಮ ಕಡೆ ಅದು ಹೆಂಗಸರ ಕೆಲಸ. ಸೊಸೆ ಕುಡಗೋಲು ಹಿಡಿದು ಕಡಿದಳು, ಮಗ ಅವಳ ಹಿಂದೆ ಕೂತು ಕಟ್ಟಿದ. "ಏನೋ, ಬಳಿ ಯಾವಾಗ ಇಟ್ಕೊಳ್ಳಾವ?" ಎಂದು ಗಂಡಸರು ಹಲ್ಲು ಕಿರಿದರು. ಕಿರಿಯಲಿ. ಹಲ್ಲಿಗೆ ನಾನು ಅಂಜುವವಳಲ್ಲ.

ಆದರೆ ಗ್ಯಾಂಗಿಗೆ ಒಂದು ರೂಢಿ ಇದೆ. ಟ್ರ್ಯಾಕ್ಟರ್ ಬಂತೆಂದರೆ ಯಾರೂ ಕೂರುವಂತಿಲ್ಲ. ಅಡುಗೆ ಮಾಡುವವಳು ಕೂಡ ಹೊರೆ ಹೊತ್ತು ಹಲಗೆ ಏರಬೇಕು. ಮುಕಾದಮನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ನನಗೆ ಹೂಂ ಅಂದಿದ್ದ.

ಒಂದು ಮಧ್ಯಾಹ್ನ ಗ್ಯಾಂಗು ಕಡಿಯುತ್ತಿದ್ದ ಕುಲಗೋಡದ ಹೊಲಕ್ಕೆ ಹೋದರೆ ಟ್ರ್ಯಾಕ್ಟರ್ ಬಂದು ನಿಂತಿತ್ತು. ಮಗ ತಲೆಗೆ ಸಿಂಬಿ ಇಟ್ಟುಕೊಂಡು ಹೊರುವವರ ಸಾಲಿನಲ್ಲಿದ್ದ. ನಾನು ಯಾರನ್ನೂ ಏನೂ ಕೇಳದೆ ಹೋಗಿ ಹಲಗೆಯ ನಡುವೆ ಕುಳಿತೆ.

"ಏ ಮುದುಕಿ, ಏಳು! ಗಾಡಿ ತಡಾ ಆಗತೈತಿ!" ಮುಕಾದಮ ಒದರಿದ.

"ಹಗರ ಕೆಲಸ ಅಂದಿದ್ಯಲ್ಲಾ, ಇದೇನ ಹೂವಿನ ಬುಟ್ಟಿ ಏನ?"

"ಎಲ್ಲಾರೂ ಹೊರತಾರ. ನಿನ್ನ ಮಗಾ ದೊಡ್ಡ ಸಾವ್ಕಾರ ಏನ?"

"ಸಾವ್ಕಾರ ಅಲ್ಲೋ, ಅದಕ್ಕ ಅವಗ ಕೈ ಬೇಕು. ಹೊರಸಾವ್ರಿದ್ರ ನನ್ನ ತುಳದ ಹೋಗ್ರಿ."

ಎಲ್ಲರಿಗಿಂತ ಮಗನಿಗೇ ಸಿಟ್ಟು. "ಏಳಬೇ ಯವ್ವಾ, ಮಂದ್ಯಾಗ ಮಾನಾ ಕಳೀಬ್ಯಾಡ. ನಾನ ಹೊರತೇನ ಅಂದೇನಿ."

"ಹೊರು. ನಾಳೆ ಕುಂಡಿ ತೊಳ್ಯಾಕ ನನ್ನ ಕರೀಬ್ಯಾಡ."

ಸಾಲಿನಲ್ಲಿದ್ದವರು ನಕ್ಕರು. ಡ್ರೈವರ್ ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ. ಒಬ್ಬ ನನ್ನ ರಟ್ಟೆ ಹಿಡಿದು ಎಬ್ಬಿಸಲು ಬಂದ. ಕಚ್ಚುತ್ತೇನೆ ಎಂದೆ. ಬಾಯಲ್ಲಿ ಹಲ್ಲಿಲ್ಲ, ಆದರೂ ಹಿಂದೆ ಸರಿದ.

ಆಗ ಸೊಸೆ ಮುಂದೆ ಬಂದಳು. "ಅವರ ಪಾಲಿನ ಹೊರಿ ನಾ ಹೊರತೇನ್ರಿ."

"ಹಂಗಾದ್ರ ಆತು," ಎಂದ ಮುಕಾದಮ, ತಡಮಾಡದೆ. ಯಾರ ಎಲುಬು ಸವೆದರೂ ಅವನಿಗೆ ಅಷ್ಟೇ; ಟ್ರ್ಯಾಲಿ ತುಂಬಬೇಕು.

ನಾನು ಎದ್ದೆ. ಬೇರೆ ದಾರಿ ನನಗೂ ಕಾಣಲಿಲ್ಲ. ಅವಳು ತನ್ನದನ್ನೂ ಗಂಡನದನ್ನೂ ಹೊತ್ತು ಏರುವಾಗ ಹಲಗೆ ಅಲುಗದಂತೆ ಬುಡದಲ್ಲಿ ಕಾಲು ಒತ್ತಿ ನಿಂತೆ. ಮಗ ನಮ್ಮತ್ತ ತಿರುಗಿ ನೋಡಲಿಲ್ಲ.

ಹಂಗಾಮು ಮುಗಿಯಿತು. ಅವನ ಕೈ ಈಗ ತಲೆಯ ಮೇಲಕ್ಕೆ ಏಳುತ್ತದೆ. ನನ್ನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯದಿದ್ದರೂ ನಡೆದೀತು. ಸೊಸೆಗೆ ಮಾತ್ರ ಸೊಂಟ ಹಿಡಿದಿದೆ. ಮುಂದಿನ ಸಲ ಅವಳನ್ನು ಕಳಿಸುವುದಿಲ್ಲ ಎಂದು ಮುಕಾದಮನ ಮನೆಯ ಮುಂದೆಯೇ ನಿಂತು ಹೇಳಿ ಬಂದಿದ್ದೇನೆ. ಈಗ ಅವನು ನನ್ನನ್ನು ದೂರದಿಂದ ಕಂಡರೆ ಬೈಕು ತಿರುಗಿಸಿಕೊಂಡು ಹೋಗುತ್ತಾನೆ.