ಗಂಡನ ಪರವಾಗಿ ಉತ್ತರಿಸುವವಳು

ಗಂಡನಿಗೆ ಎಡಿಎಚ್‌ಡಿ ಎಂಬ, ಗಮನ ನಿಲ್ಲದೆ ಮರೆವು ಹೆಚ್ಚುವ ತೊಂದರೆ ಇದೆಯೇ ಎಂದು ತಿಳಿಯಲು ಹೊಸಪೇಟೆಯ ಡಾಕ್ಟರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವವಳು ಗಾದಿಗನೂರಿನ ಚಂದ್ರಕಲಾ. "ಸಾಮಾನು ಕಳಕೊಂತಾರೇನ್ರಿ?" "ಇಲ್ರಿ, ಬೈಕಿನ ಕೀಲಿ ನನ್ನ ಸೆರಗಿನಾಗ ಇರತೈತಿ." "ಡ್ಯೂಟಿಗೆ ತಡಾ ಆಗತೈತೇನ್ರಿ?" "ಎಂದೂ ಇಲ್ರಿ, ಅವ್ರು ಬೂಟು ಹಾಕ್ಕೊಳ್ಳೋತನಕ ನಾ ಬಾಗಲಾಗ ನಿಂತಿರ್ತೀನಿ." ಮಧ್ಯಾಹ್ನ ಫೋನ್ ಮಾಡಿ ಡಬ್ಬಿ ಬಿಚ್ಚಿಸುವವಳೂ ಅವಳೇ, ಅವನು ಅರ್ಧಕ್ಕೆ ಬಿಟ್ಟ ಮಾತನ್ನು ಮುಗಿಸುವವಳೂ ಅವಳೇ. ಡಾಕ್ಟರ ಪ್ರಶ್ನೆಗಳ ಹಾಳೆಯ ತುಂಬ 'ತೊಂದರೆ ಇಲ್ಲ' ಎಂದೇ ಗುರುತು ಬಿತ್ತು. ಹಾಗಿದ್ದರೆ ಈ ಮನುಷ್ಯ ದಿನಾ ಯಾಕೆ ಒದ್ದಾಡುತ್ತಾನೆ ಎಂಬುದು ಅವಳಿಗೆ ಬಗೆಹರಿಯಲಿಲ್ಲ. "ನೀವು ನಾಕು ದಿನ ತವರಿಗೆ ಹೋದಾಗ ಹೆಂಗಿರ್ತಾರ್ರೀ?" ಎಂದರು ಡಾಕ್ಟರು. ತವರು ಪಾಪಿನಾಯಕನಹಳ್ಳಿ, ಹತ್ತಿರದ್ದೇ. ಚಂದ್ರಕಲಾ ನೆನಪಿಸಿಕೊಳ್ಳಲು ತಡಕಾಡುತ್ತಿದ್ದಾಗ, ಪಕ್ಕದಲ್ಲೇ ಕೂತಿದ್ದ, ಏನನ್ನೂ ನೆನಪಿಡದ ಆ ಗಂಡ ಮೆಲ್ಲಗೆ ಹೇಳಿದ: "ಬಾಣಂತನ ಮುಗದ ಮ್ಯಾಲ ಆಕಿ ಒಂದಿನಾನೂ ತವರಾಗ ಉಳದಿಲ್ರಿ. ಒಂಬತ್ತು ವರ್ಸಾತು."