ಇಂಜಿನ್ನಿಗೆ ಎರೆದ ತೀರ್ಥ

ಕಾರವಾರದ ಗ್ಯಾರೇಜಿನಲ್ಲಿ ಇಂಜಿನ್ ರಿಪೇರಿ ಮಾಡಿಸಿ, ಕಾರನ್ನು ಅಂಕೋಲೆಯ ಮನೆಗೆ ತಂದ ಮರುದಿನವೇ ಸ್ಟೇರಿಂಗಿನ ಎದುರಿನ, ಇಂಜಿನ್ ಕೆಟ್ಟರೆ ಉರಿಯುವ ಹಳದಿ ದೀಪ ಹತ್ತಿಕೊಂಡಿತು. ಕಾರು ಕೆಮ್ಮತೊಡಗಿತು. ನಾನು ಸುಮ್ಮಸುಮ್ಮನೆ ಸಿಟ್ಟು ಮಾಡುವ ಜನವಲ್ಲ. ಆದರೂ ತಿರುಗಿ ಹೋಗಿ, ಮೇಸ್ತ್ರಿ ರಮಾಕಾಂತನಿಗೆ ಉಳಿದ ಗಿರಾಕಿಗಳ ಎದುರೇ ಹೇಳಿಬಿಟ್ಟೆ: “ಹದಿನೈದು ವರ್ಷದ ನಂಬಿಕೆ ಇವತ್ತಿಗೆ ಮುಗೀತು, ನೋಡು.”

ಅವನ ಮುಖ ಸಣ್ಣದಾಯಿತು. “ದೇವರಾಣೆ ಅಣ್ಣಾ, ನಾ ಎಲ್ಲಾ ಸಮಾ ಕೂಡ್ಸಿದ್ದೆ. ನೀವು ಇಂಜಿನ್ನಿಗೆ ನೀರು ಗೀರು ಹಾಕಿದ್ರಾ?”

“ಒಂದು ಹನಿಯೂ ಇಲ್ಲ,” ಎಂದೆ. ಮನಃಸಾಕ್ಷಿಯಾಗಿಯೇ ಹೇಳಿದೆ.

ಅವನು ಬಾನೆಟ್ ಎತ್ತಿ, ಸೆನ್ಸರಿನ ವೈರು ಕೂಡುವ ಪ್ಲಗ್ ಬಿಚ್ಚಿದ. ಒಳಗೆಲ್ಲ ಒದ್ದೆ. ಅದರ ಸಂದಿಗೆ ಅಂಟಿದ್ದ ತುಳಸಿ ಎಲೆಯೊಂದನ್ನು ಬಿಡಿಸಿ, ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದ.

ಅಂದು ಕಾರನ್ನು ಮನೆಗೆ ತಂದ ಕೂಡಲೇ ಇಂಜಿನ್ನಿಗೆ ಕುಂಕುಮ ಹಚ್ಚಿ, ತಂಬಿಗೆ ತುಂಬ ತೀರ್ಥ ಎರೆದದ್ದು ನೆನಪಾಯಿತು.

“ಅದು ತೀರ್ಥ ಮಾರಾಯ, ನೀರಲ್ಲ,” ಎಂದೆ ಸಣ್ಣ ದನಿಯಲ್ಲಿ.

“ಅರೇ ದೇವಾ! ಸೆನ್ಸರಿಗೆ ಅಷ್ಟು ಭಕ್ತಿ ಎಲ್ಲಿಂದ ಬರ್ಬೇಕು ಅಣ್ಣಾ?”

ಗಿರಾಕಿಗಳು ನಕ್ಕರು. ಬೈದದ್ದು ಎಲ್ಲರೆದುರು, ಹಾಗಾಗಿ “ತಪ್ಪು ನನ್ನದೇ” ಎಂಬುದನ್ನೂ ಅವರಿಗೆಲ್ಲ ಕೇಳುವಂತೆಯೇ ಹೇಳಿದೆ. ರಮಾಕಾಂತ ಆ ತುಳಸಿಯನ್ನು ಕಣ್ಣಿಗೊತ್ತಿ ಕಿವಿಗೆ ಸಿಕ್ಕಿಸಿಕೊಂಡು, ಪ್ಲಗ್ಗಿಗೆ ಗಾಳಿ ಹೊಡೆದು ಒಣಗಿಸಿ, ದೀಪ ಆರಿಸಿಕೊಟ್ಟ.

ಈಗಲೂ ರಿಪೇರಿಯಾದ ಕಾರಿಗೆ ಪೂಜೆ ತಪ್ಪಿಸುವುದಿಲ್ಲ. ತೀರ್ಥವನ್ನು ಮಾತ್ರ ನಾನೇ ಕುಡಿಯುತ್ತೇನೆ.