ನೊಲೀನ್ ಬಿಚ್ಚಿದ ಹೊಲಿಗೆ

ಕ್ರೈಸ್ಟ್‌ಚರ್ಚಿನ ವಿಮಾನ ನಿಲ್ದಾಣದ ಪಕ್ಕದ ಉಗ್ರಾಣದಲ್ಲಿ ನೊಲೀನ್ ಟ್ಯಾಪರ್ ಇಪ್ಪತ್ತಾರು ವರ್ಷ ಹೊಲಿಗೆ ಹಾಕಿದಳು. ದಕ್ಷಿಣ ಧ್ರುವದ ಸಂಶೋಧನೆಗೆ ಹೋಗುವವರ ಬಟ್ಟೆಯೆಲ್ಲ ಅವಳ ಕೈ ದಾಟಿಯೇ ವಿಮಾನ ಹತ್ತುತ್ತಿತ್ತು. ತಾನು ಮಾತ್ರ ಒಂದು ಸಲವೂ ಆ ಕಡೆ ಹೋದವಳಲ್ಲ. ಹೋಗಬೇಕೆಂದು ಅನ್ನಿಸಿಯೂ ಇರಲಿಲ್ಲ.

ಎಂಬತ್ತರ ದಶಕದ ಒಂದು ಆಗಸ್ಟ್‌ನಲ್ಲಿ ಹಿಮನದಿಗಳ ವಿಜ್ಞಾನಿ ರೋಸಲಿಂಡ್ ಪ್ರೈಕ್ ಬಟ್ಟೆಯ ಅಳತೆ ನೋಡಲು ಬಂದಳು. ಎದೆಯವರೆಗೆ ಏರುವ, ಹೆಗಲಪಟ್ಟಿಯ ದಪ್ಪ ಪ್ಯಾಂಟು ತೊಟ್ಟು ನಿಂತವಳನ್ನು ನೊಲೀನ್ ಒಂದು ಸುತ್ತು ಹಾಕಿ ನೋಡಿದಳು. ಅದು ಗಂಡಸರಿಗೆಂದು ಕತ್ತರಿಸಿದ್ದು.

"ಇದರಲ್ಲಿ ಉಚ್ಚೆಗೆ ಹೇಗಮ್ಮಾ ಹೋಗ್ತೀಯ?"

ರೋಸಲಿಂಡ್ ಕೆಂಪಾದಳು. ಆಮೇಲೆ ಇದ್ದದ್ದನ್ನು ಹೇಳಿದಳು. ಹೋಗಬೇಕೆಂದರೆ ಆ ಗಾಳಿಯಲ್ಲಿ ಕೋಟಿನಿಂದ ಹಿಡಿದು ಎಲ್ಲವನ್ನೂ ಬಿಚ್ಚಬೇಕು. ಹಾಗಾಗಿ ಹೋದ ವರ್ಷ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಮೂತ್ರಕೋಶಕ್ಕೆ ಸೋಂಕು ತಗುಲಿ ಹತ್ತನೆಯ ದಿನಕ್ಕೆ ವಾಪಸು ಕಳಿಸಿದರು. ಹಿಮದ ಮೇಲಿನ ಕೆಲಸ ಹೆಂಗಸರ ಮೈಗೆ ಒಗ್ಗುವುದಿಲ್ಲ ಎಂದು ವರದಿಯಾಯಿತು. ಈ ಸಲವೂ ಹಾಗಾದರೆ ಅವಳನ್ನು ಮತ್ತೆ ಕರೆಯುವವರಿಲ್ಲ.

"ಮೈಗೇನೂ ಆಗಿಲ್ಲ. ಇದನ್ನ ಹೊಲಿದವನಿಗೆ ಬುದ್ಧಿ ಇಲ್ಲ," ಎಂದಳು ನೊಲೀನ್.

ಅಂದೇ ಪ್ಯಾಂಟಿನ ಹಿಂಭಾಗದ ಹೊಲಿಗೆ ಬಿಚ್ಚಿ, ಕಳಚದೆಯೇ ಕೂರಲಾಗುವಂತೆ ಉದ್ದದ ಜಿಪ್ ಕೂರಿಸಿದಳು. ಉಗ್ರಾಣದ ಮುಖ್ಯಸ್ಥ ಡೆಸ್ ಹ್ಯಾಲೊರನ್ ಅದನ್ನು ಕಂಡು ಕಿಡಿಕಿಡಿಯಾದ. ಸರ್ಕಾರದ ಬಟ್ಟೆಗೆ ಕತ್ತರಿ ಹಾಕಲು ಅವಳಿಗೆ ಅಧಿಕಾರವಿರಲಿಲ್ಲ. ಗಾಳಿ ನುಗ್ಗಿ ಹುಡುಗಿ ಸತ್ತರೆ ಯಾರು ಹೊಣೆ ಎಂದು ಕೇಳಿದ. ನೋಡಿಯೇ ಬಿಡೋಣ ಎಂದು ನೊಲೀನ್ ಆ ಪ್ಯಾಂಟು ತೊಟ್ಟು ಬಟ್ಟೆ ಪರೀಕ್ಷಿಸುವ ಶೀತಲ ಕೋಣೆಯಲ್ಲಿ ಅರ್ಧ ಗಂಟೆ ಕುಳಿತಳು. ಜಿಪ್ಪಿಗೆ ಮಂಜು ಕಟ್ಟಿತು. ಒಮ್ಮೆ ತೆರೆದ ಮೇಲೆ ಮುಚ್ಚಲು ಎಷ್ಟು ಎಳೆದರೂ ಮಿಸುಕಲಿಲ್ಲ. ಡೆಸ್ ಹೇಳಿದ್ದೇ ಸರಿಯಾಯಿತು.

ನೊಲೀನ್ ಜಿಪ್ ಕಿತ್ತು, ಆ ಜಾಗಕ್ಕೆ ಒಂದರ ಮೇಲೊಂದು ಕೂರುವ ಎರಡು ಅಗಲವಾದ ಮಡಿಕೆಗಳನ್ನು ಹೊಲಿದು, ದಪ್ಪ ಕೈಗವಸು ತೊಟ್ಟರೂ ಬೆರಳಿಗೆ ಸಿಗುವಂಥ ಮರದ ಗುಂಡಿಗಳನ್ನು ಹಾಕಿದಳು. ಮರುದಿನ ಅದನ್ನು ಡೆಸ್‌ನ ಮೇಜಿನ ಮೇಲಿಟ್ಟಳು.

"ಈ ಸಲ ನೀನೇ ಹಾಕ್ಕೊಂಡು ಕೂತ್ಕೋ. ನಾನು ಹೇಳಿದ್ರೆ ನಂಬಲ್ಲ ನೀನು."

"ನನಗೆ ಅರವತ್ನಾಲ್ಕು, ನೊಲೀನ್."

"ಹಾಗಾದ್ರೆ ಅವಳಿಗಿಂತ ಜಾಸ್ತಿ ಸಲ ಬಿಚ್ಚಬೇಕಾಗತ್ತೆ. ಒಳ್ಳೇದೇ ಆಯ್ತು."

ಡೆಸ್ ಒಂದು ಗಂಟೆ ಕುಳಿತ. ಹೊರಬಂದವನು ಕೂರುವ ಜಾಗ ಬೆಚ್ಚಗೇ ಇತ್ತೆಂದು ಒಪ್ಪಿಕೊಂಡು, ಬಟ್ಟೆ ಬದಲಿಸುವ ಅನುಮತಿಯ ಕಾಗದಕ್ಕೆ ರುಜು ಹಾಕಿದ.

ಅಕ್ಟೋಬರಿನಲ್ಲಿ ಹೋದ ರೋಸಲಿಂಡ್ ಆರು ವಾರ ಗುಡಾರದಲ್ಲಿದ್ದು, ಕೆಲಸ ಮುಗಿಸಿ, ಹೇಳಿದ ದಿನಕ್ಕೇ ಬಂದಳು. ನೇರ ಹೊಲಿಗೆಯ ಕೋಣೆಗೆ ನಡೆದು ಪ್ಯಾಂಟನ್ನು ಮೇಜಿನ ಮೇಲೆ ಹಾಕಿದಳು. ದಿನಕ್ಕೆ ಆರು ಲೋಟ ಚಹಾ ಕುಡಿದೆನೆಂದಳು; ಆದರೆ ಕೆಳಗಿನ ಗುಂಡಿ ಕೂತಾಗ ಒತ್ತುತ್ತದೆ ಎಂದು ದೂರಿದಳು.

ನೊಲೀನ್ ಸೀಮೆಸುಣ್ಣ ಅವಳ ಕೈಗಿತ್ತಳು.

"ಎಲ್ಲಿಗೆ ಸರಿಸ್ಲಿ, ಗುರುತು ಹಾಕು. ಮುಂದಿನ ವರ್ಷ ನಾಲ್ಕು ಜನ ಹೆಂಗಸರಿಗೆ ಹೊಲೀಬೇಕು."